ಕೋಬಾಲ್‌ನಲ್ಲಿ ಫೈಲ್ ಓದುವ ಲೂಪ್: ರೀಡ್ ಎಲ್ಲಿ ಬರೆಯಬೇಕು?

ಪುಣೆಯ ಹಿಂಜೆವಾಡಿಯಲ್ಲೋ ನವಿ ಮುಂಬೈನ ಐರೋಲಿಯಲ್ಲೋ ಬ್ಯಾಂಕಿನ ಮೇನ್‌ಫ್ರೇಮ್ ಪ್ರಾಜೆಕ್ಟಿಗೆ ಸೇರಿದವರ ಕೈಗೆ ಮೊದಲು ಸಿಗುವುದು ಸಾಮಾನ್ಯವಾಗಿ ಕೋಬಾಲ್ ಎಂಬ ಹಳೆಯ ಭಾಷೆಯಲ್ಲಿ ಬರೆದ ಒಂದು ಬ್ಯಾಚ್ ಪ್ರೋಗ್ರಾಂ, ಅಂದರೆ ಯಾರೂ ಮುಂದೆ ಕೂರದೆ ತಾನಾಗಿ ಓಡುವ ಪ್ರೋಗ್ರಾಂ. ಫೈಲ್ ತೆರೆಯುತ್ತದೆ, ಒಂದೊಂದೇ ರೆಕಾರ್ಡ್ ಓದುತ್ತದೆ, ಲೆಕ್ಕ ಹಾಕುತ್ತದೆ, ರಿಪೋರ್ಟ್ ಬರೆಯುತ್ತದೆ, ಮುಚ್ಚುತ್ತದೆ. ಬೆಳಗಾವಿ, ಹುಬ್ಬಳ್ಳಿ, ವಿಜಯಪುರ, ಕಲಬುರಗಿ ಕಡೆಯಿಂದ ಪುಣೆಗೆ ಬಂದ ನಮ್ಮ ಹುಡುಗ ಹುಡುಗಿಯರು ಇದನ್ನು ತೆಗೆದು ನೋಡಿದಾಗ ಕೇಳುವ ಪ್ರಶ್ನೆ ಹೆಚ್ಚಾಗಿ ಇದೇ: "ಇಲ್ಲಿ ರೀಡ್ ಎರಡು ಸಲ ಯಾಕೆ ಬಂದಿದೆ? ಪಕ್ಕದ ಪ್ರೋಗ್ರಾಂನಲ್ಲಿ ಒಂದೇ ಸಲ ಇದೆಯಲ್ಲಾ?"

ಎರಡೂ ಸರಿ ಇರಬಹುದು. ಆದರೆ ಎರಡೂ ಎಲ್ಲ ಕೆಲಸಕ್ಕೂ ಒಗ್ಗುವುದಿಲ್ಲ. ಯಾವ ಕೆಲಸಕ್ಕೆ ಯಾವ ರೂಪ ಅಂತ ಹೇಳುವುದಕ್ಕೇ ಈ ಬರಹ. ಕೋಡನ್ನು ಬಾಯಲ್ಲಿ ಓದಿ ಹೇಳುವ ಹಾಗೆ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಹೆಸರುಗಳನ್ನೂ ಕನ್ನಡದಲ್ಲೇ ಇಟ್ಟಿದ್ದೇನೆ, ಅರ್ಥ ಬೇಗ ಹತ್ತುತ್ತದೆ.

ತೊಂದರೆ ಶುರುವಾಗುವುದು ಎಲ್ಲಿ

ಫೈಲ್ ಮುಗಿದಿದೆ ಅಂತ ಕೋಬಾಲ್‌ಗೆ ಮೊದಲೇ ಗೊತ್ತಿರುವುದಿಲ್ಲ. ಓದಲು ಹೋಗಿ, ರೆಕಾರ್ಡ್ ಸಿಗದೇ ಇದ್ದಾಗಲೇ ಗೊತ್ತಾಗುವುದು. ಮೂರು ರೆಕಾರ್ಡ್ ಇರುವ ಫೈಲನ್ನು ಪೂರ್ತಿ ಓದಲು ನಾಲ್ಕು ಸಲ ರೀಡ್ ಮಾಡಬೇಕು. ನಾಲ್ಕನೆಯದಕ್ಕೆ ಅಟ್ ಎಂಡ್, ಅಂದರೆ ಫೈಲ್ ಮುಗಿಯಿತು ಎಂಬ ಸೂಚನೆ, ಬರುತ್ತದೆ. ಲೂಪಿನ ರೂಪದ ಬಗ್ಗೆ ಇರುವ ಅಷ್ಟೂ ಚರ್ಚೆ ಹುಟ್ಟಿದ್ದು ಈ ಒಂದು ಹೆಚ್ಚಿನ ರೀಡ್‌ನಿಂದ.

ಎಲ್ಲ ಭಾಷೆಗಳೂ ಹೀಗಿಲ್ಲ. ಪ್ಯಾಸ್ಕಲ್‌ನಲ್ಲಿ ಫೈಲಿನ ಕೊನೆ ಬಂದಿದೆಯಾ ಅಂತ ಓದುವ ಮೊದಲೇ ಕೇಳಬಹುದು, ಸರಿಯಾದ ಉತ್ತರ ಸಿಗುತ್ತದೆ. ಸಿ ಭಾಷೆಯಲ್ಲಿ ಎಫ್‌ಇಒಎಫ್ ಎಂಬ ಫಂಕ್ಷನ್ ಇದೆ. ಅದು ನಿಜ ಹೇಳುವುದು ಒಂದು ರೀಡ್ ಸೋತ ಮೇಲೆ ಮಾತ್ರ. ಕಾಲೇಜಿನಲ್ಲಿ ಸಿ ಕಲಿತು ಬಂದವರಲ್ಲಿ ಎಷ್ಟೋ ಜನ ಅಲ್ಲೇ ಈ ಗುಂಡಿಗೆ ಬಿದ್ದಿರುತ್ತಾರೆ. ಕೋಬಾಲ್‌ಗೆ ಬಂದಾಗ ಅದೇ ತಪ್ಪು ಬೇರೆ ವೇಷದಲ್ಲಿ ಬರುತ್ತದೆ:

ಓಪನ್ ಇನ್‌ಪುಟ್ ಜಮಾ-ಫೈಲ್
ಪರ್ಫಾರ್ಮ್ ಅಂಟಿಲ್ ಫೈಲ್-ಮುಗಿದಿದೆ
    ರೀಡ್ ಜಮಾ-ಫೈಲ್ ಇಂಟು ಜಮಾ-ವಿವರ
        ಅಟ್ ಎಂಡ್ ಸೆಟ್ ಫೈಲ್-ಮುಗಿದಿದೆ ಟು ಟ್ರೂ
    ಎಂಡ್-ರೀಡ್
    ಆಡ್ ಮೊತ್ತ ಟು ಒಟ್ಟು
ಎಂಡ್-ಪರ್ಫಾರ್ಮ್

ನೋಡಲು ಚೆನ್ನಾಗಿದೆ, ಅಲ್ವಾ? ಇದರೊಳಗೆ ಮೂರು ರೆಕಾರ್ಡ್ ಹಾಕಿ ನೋಡೋಣ. ಮಾಟುಂಗಾ ಶಾಖೆ 5,000 ರೂಪಾಯಿ, ಮುಲುಂಡ್ 2,000, ಡೊಂಬಿವಲಿ 1,500. ಒಟ್ಟು 8,500 ಬರಬೇಕು. ಮೊದಲ ಮೂರು ಸುತ್ತು ಸರಿಯಾಗಿಯೇ ನಡೆಯುತ್ತವೆ, ಒಟ್ಟು 8,500 ಆಗುತ್ತದೆ. ಅಷ್ಟೊತ್ತಿಗೆ ಫೈಲ್-ಮುಗಿದಿದೆ ಎಂಬ ಫ್ಲ್ಯಾಗ್ (ಹೌದು-ಇಲ್ಲ ಹೇಳುವ ಗುರುತು) ಇನ್ನೂ ಏರಿಲ್ಲ. ಹಾಗಾಗಿ ನಾಲ್ಕನೇ ಸುತ್ತು ಶುರುವಾಗುತ್ತದೆ. ಈ ರೀಡ್‌ಗೆ ರೆಕಾರ್ಡ್ ಸಿಗುವುದಿಲ್ಲ, ಅಟ್ ಎಂಡ್ ಬಂದು ಫ್ಲ್ಯಾಗ್ ಏರುತ್ತದೆ. ಆದರೆ ಪರ್ಫಾರ್ಮ್ ಅಂಟಿಲ್ ತನ್ನ ಷರತ್ತನ್ನು ನೋಡುವುದು ಸುತ್ತಿನ ಆರಂಭದಲ್ಲಿ ಮಾತ್ರ. ಫ್ಲ್ಯಾಗ್ ಏರಿದ ಕ್ಷಣವೇ ಲೂಪಿನಿಂದ ಹೊರಗೆ ಜಿಗಿಯುವುದಿಲ್ಲ. ಮುಂದಿನ ಸಾಲಿಗೆ, ಅಂದರೆ ಕೂಡುವ ಸಾಲಿಗೆ ಹೋಗುತ್ತದೆ. ರೀಡ್ ಇಂಟು ಬರೆದಾಗ ಓದು ಸೋತರೆ ನಕಲು ಆಗುವುದಿಲ್ಲ, ಆದ್ದರಿಂದ ಜಮಾ-ವಿವರದಲ್ಲಿ ಡೊಂಬಿವಲಿಯ 1,500 ಹಾಗೇ ಕೂತಿದೆ. ಅದೇ ಇನ್ನೊಮ್ಮೆ ಸೇರಿ ಒಟ್ಟು 10,000 ಆಗುತ್ತದೆ.

ಗುಂಡಗಿನ ಮೊತ್ತ ನೋಡಿ ಯಾರಿಗೂ ಅನುಮಾನ ಬರುವುದಿಲ್ಲ. ಅದೇ ಇದರಲ್ಲಿ ಕೆಟ್ಟದ್ದು. ಪ್ರೋಗ್ರಾಂ ಅಬೆಂಡ್ ಆಗುವುದಿಲ್ಲ (ನಡುವೆ ಮುರಿದು ನಿಲ್ಲುವುದಿಲ್ಲ), ರಿಟರ್ನ್ ಕೋಡ್ ಸೊನ್ನೆಯೇ, ಅಂದರೆ ಎಲ್ಲ ಸರಿ ಅಂತಲೇ, ಬರುತ್ತದೆ. ಯಾರದ್ದೋ ಖಾತೆಗೆ ಎರಡು ಸಲ ಜಮೆ ಆಗಿರುತ್ತದೆ. ಇಂಟು ಇಲ್ಲದೆ ನೇರವಾಗಿ ಫೈಲಿನ ರೆಕಾರ್ಡ್ ಜಾಗವನ್ನೇ ಬಳಸಿದ್ದರೆ ಇನ್ನೂ ಗೊಂದಲ. ಅಟ್ ಎಂಡ್ ಆದ ಮೇಲೆ ಆ ಜಾಗದಲ್ಲಿ ಏನಿರುತ್ತದೆ ಎಂಬುದಕ್ಕೆ ಭಾಷೆ ಯಾವ ಭರವಸೆಯನ್ನೂ ಕೊಡುವುದಿಲ್ಲ. ಖಾಲಿ ಫೈಲ್ ಬಂದರೆ ಇಲ್ಲದ ರೆಕಾರ್ಡಿನ ಮೇಲೆ ಒಂದು ಸಲ ಲೆಕ್ಕ ನಡೆದೇ ನಡೆಯುತ್ತದೆ.

ಹಾಗಾಗಿ ಯಾವ ರೂಪ ಆರಿಸಿದರೂ ಒಂದು ಮಾತು ಉಳಿಯಬೇಕು: ಓದು ಗೆದ್ದಿದೆ ಅಂತ ಖಾತ್ರಿ ಆಗದೆ ಲೆಕ್ಕದ ಸಾಲಿಗೆ ಕಾಲಿಡಬಾರದು. ಈ ಮಾತನ್ನು ಉಳಿಸಿಕೊಳ್ಳುವ ನಾಲ್ಕು ದಾರಿಗಳಿವೆ.

ಹಳೆಯ ದಾರಿ: ಗೋ ಟು

ಎಪ್ಪತ್ತರ ದಶಕದ ಪ್ರೋಗ್ರಾಂಗಳು ಇನ್ನೂ ಓಡುತ್ತಿವೆ. ಅವುಗಳಲ್ಲಿ ಹೀಗಿರುತ್ತದೆ (ಪ್ಯಾರಾ ಅಂದರೆ ಹೆಸರಿಟ್ಟ ಕೋಡಿನ ತುಂಡು, ಗೋ ಟು ಅಂದರೆ ಆ ತುಂಡಿಗೆ ಜಿಗಿ ಎಂಬ ಆದೇಶ):

ಓದುವ-ಪ್ಯಾರಾ.
    ರೀಡ್ ಜಮಾ-ಫೈಲ್ ಅಟ್ ಎಂಡ್ ಗೋ ಟು ಮುಗಿಸುವ-ಪ್ಯಾರಾ.
    ಆಡ್ ಮೊತ್ತ ಟು ಒಟ್ಟು.
    ಗೋ ಟು ಓದುವ-ಪ್ಯಾರಾ.

ಇದನ್ನು ನೋಡಿ ಮೂಗು ಮುರಿಯುವುದು ಈಗ ರೂಢಿ. ಆದರೆ ನಿಧಾನವಾಗಿ ನೋಡಿ, ಇದು ಸರಿಯಾಗಿಯೇ ಇದೆ. ಓದು ಸೋತ ಕೂಡಲೇ ಹೊರಗೆ ಹೋಗುತ್ತದೆ. ರೀಡ್ ಒಂದೇ ಕಡೆ ಇದೆ. ಖಾಲಿ ಫೈಲಿಗೂ ಸರಿಹೋಗುತ್ತದೆ. ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ ಗೋ ಟು ವಿರುದ್ಧ ಪತ್ರ ಬರೆದದ್ದು 1968ರಲ್ಲಿ. 1974ರಲ್ಲಿ ಇನ್ನೊಬ್ಬ ವಿಜ್ಞಾನಿ ಡೊನಾಲ್ಡ್ ಕನೂತ್ ಇದೇ ರೀತಿಯ ಲೂಪುಗಳನ್ನು ಎತ್ತಿಕೊಂಡು, ಸುತ್ತಿನ ನಡುವೆ ಹೊರಬರಬೇಕಾದ ಕಡೆ ಗೋ ಟು ಬೇಡ ಅಂತ ಹೇಳುವುದು ಅಷ್ಟು ಸುಲಭವಲ್ಲ ಅಂತ ವಾದಿಸಿದರು. ಫೈಲ್ ಓದುವ ಲೂಪಿನಲ್ಲಿ ಹೊರಬರುವ ಬಾಗಿಲು ನಡುವೆಯೇ ಇರುವುದು ಸಹಜ.

ಕಷ್ಟ ಬರುವುದು ಪ್ರೋಗ್ರಾಂ ಬೆಳೆದಾಗ. ನಾಲ್ಕು ಸಾಲು ನಾಲ್ಕು ನೂರಾಗುತ್ತದೆ. ಒಬ್ಬರು ಹೊಸ ನಿಯಮಕ್ಕೆ ಇನ್ನೊಂದು ಗೋ ಟು ಹಾಕುತ್ತಾರೆ, ಮತ್ತೊಬ್ಬರು ಬಿಟ್ಟುಬಿಡುವ ರೆಕಾರ್ಡಿಗೆ ಮತ್ತೊಂದು. ಕೊನೆಗೆ ಯಾವ ಪ್ಯಾರಾಕ್ಕೆ ಎಲ್ಲಿಂದ ಬಂದೆವು ಅಂತ ತಿಳಿಯಲು ಇಡೀ ಪ್ರೋಗ್ರಾಂ ಹುಡುಕಬೇಕು. ಇನ್ನೊಂದು ಅಪಾಯ ಪೂರ್ಣವಿರಾಮ. ಹಳೆಯ ಕೋಬಾಲ್‌ನಲ್ಲಿ ಎಂಡ್-ರೀಡ್ ಇರಲಿಲ್ಲ, ಅಟ್ ಎಂಡ್ ಭಾಗ ಮುಗಿಯುವುದು ಚುಕ್ಕೆಯಲ್ಲಿ. ಆ ಚುಕ್ಕೆ ತಪ್ಪಿಹೋದರೆ ಕೆಳಗಿನ ಸಾಲೂ ಅಟ್ ಎಂಡ್ ಒಳಗೆ ಸೇರಿಕೊಳ್ಳುತ್ತದೆ. ಕಂಪೈಲರ್ ಅದನ್ನು ತಪ್ಪು ಅನ್ನದೇ ಇರಬಹುದು.

ನನ್ನ ಅಭಿಪ್ರಾಯ: ಹೊಸದಾಗಿ ಹೀಗೆ ಬರೆಯಬೇಡಿ. ಆದರೆ ವರ್ಷಗಟ್ಟಲೆ ಸರಿಯಾಗಿ ಓಡುತ್ತಿರುವ ಹಳೆಯ ಪ್ರೋಗ್ರಾಂನಲ್ಲಿ ಒಂದು ಫೀಲ್ಡ್ ಸೇರಿಸಲು ಹೋಗಿ, ಜೊತೆಗೆ ಲೂಪನ್ನೂ "ಚಂದ" ಮಾಡಲು ಕೈ ಹಾಕಬೇಡಿ. ಅದು ಬೇರೆಯೇ ಕೆಲಸ. ಅದಕ್ಕೆ ಬೇರೆ ಸಮಯ, ಬೇರೆ ಟೆಸ್ಟಿಂಗ್ ಬೇಕು.

ಎರಡನೇ ದಾರಿ: ಮೊದಲೇ ಒಂದು ರೀಡ್

ಲೂಪಿನ ಹೊರಗೆ ಒಂದು ರೀಡ್. ಲೂಪಿನ ಒಳಗೆ, ಕೆಲಸ ಮುಗಿದ ಮೇಲೆ, ಮುಂದಿನ ರೀಡ್. ಪ್ರೈಮಿಂಗ್ ರೀಡ್ ಅನ್ನುವುದು ಇದನ್ನೇ.

ಪರ್ಫಾರ್ಮ್ ಫೈಲ್-ಓದು
ಪರ್ಫಾರ್ಮ್ ಅಂಟಿಲ್ ಫೈಲ್-ಮುಗಿದಿದೆ
    ಪರ್ಫಾರ್ಮ್ ಜಮಾ-ಲೆಕ್ಕ
    ಪರ್ಫಾರ್ಮ್ ಫೈಲ್-ಓದು
ಎಂಡ್-ಪರ್ಫಾರ್ಮ್

ನಮ್ಮ ಹೊಸಬರು ಕೇಳುವ "ಎರಡು ಸಲ ಯಾಕೆ" ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ರೀಡ್ ಎಂಬ ಆದೇಶ ಇರುವುದು ಒಂದೇ ಕಡೆ, ಫೈಲ್-ಓದು ಎಂಬ ಪ್ಯಾರಾದಲ್ಲಿ. ಅದನ್ನು ಎರಡು ಕಡೆಯಿಂದ ಕರೆಯುತ್ತೇವೆ. ಲೂಪಿನ ಬಾಗಿಲಲ್ಲಿ ನಿಂತು ಷರತ್ತು ನೋಡುವಾಗ ಮುಂದಿನ ರೆಕಾರ್ಡ್ ಕೈಯಲ್ಲಿ ಇದೆಯೋ ಇಲ್ಲವೋ ಅಂತ ಆಗಲೇ ಗೊತ್ತಿರುತ್ತದೆ. ಇದ್ದರೆ ಮಾತ್ರ ಒಳಗೆ ಹೋಗುತ್ತೇವೆ. ಖಾಲಿ ಫೈಲ್ ಬಂದರೆ ಒಳಗೆ ಹೋಗುವುದೇ ಇಲ್ಲ. ಪ್ಯಾಸ್ಕಲ್‌ಗೆ ಹುಟ್ಟಿನಿಂದಲೇ ಇದ್ದ ಅನುಕೂಲವನ್ನು ಕೋಬಾಲ್‌ನಲ್ಲಿ ನಾವೇ ಕಟ್ಟಿಕೊಂಡ ಹಾಗೆ.

ಬ್ರಿಟನ್ನಿನ ಸಾಫ್ಟ್‌ವೇರ್ ತಜ್ಞ ಮೈಕೆಲ್ ಜಾಕ್ಸನ್ (ಹಾಡುಗಾರ ಅಲ್ಲ) ಪ್ರೋಗ್ರಾಂ ವಿನ್ಯಾಸದ ಬಗ್ಗೆ 1975ರಲ್ಲಿ ಬರೆದ ಪುಸ್ತಕದಲ್ಲಿ ಇದನ್ನು ಒಂದು ನಿಯಮವಾಗಿಯೇ ಇಟ್ಟರು: ಫೈಲ್ ತೆರೆದ ಕೂಡಲೇ ಒಂದು ರೆಕಾರ್ಡ್ ಓದಿ, ಆಮೇಲೆ ಕೈಯಲ್ಲಿದ್ದ ರೆಕಾರ್ಡಿನ ಕೆಲಸ ಮುಗಿದ ಕೂಡಲೇ ಮುಂದಿನದನ್ನು ಓದಿ. ಯಾವಾಗಲೂ ಒಂದು ರೆಕಾರ್ಡ್ ಮುಂದೆ ಇರಿ. ಬ್ಯಾಂಕ್, ವಿಮೆ, ಸಂಬಳದ ಕೆಲಸದಲ್ಲಿ ಇದು ಯಾಕೆ ಇಷ್ಟು ಬಾಳಿತು ಅಂದರೆ, ಆ ಕೆಲಸಗಳೆಲ್ಲ ಗುಂಪು ಗುಂಪಾಗಿ ನಡೆಯುತ್ತವೆ.

ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಚೆಕ್ಕಿನ ಕೆಳಗೆ ಇರುವ ಎಂಐಸಿಆರ್ ಕೋಡ್ ಒಂಬತ್ತು ಅಂಕಿಯದು. ಮೊದಲ ಮೂರು ಊರು, ನಡುವಿನ ಮೂರು ಬ್ಯಾಂಕ್, ಕೊನೆಯ ಮೂರು ಶಾಖೆ. ಮುಂಬೈಗೆ 400, ಪುಣೆಗೆ 411. ಈ ಕೋಡಿನ ಪ್ರಕಾರ ಸಾರ್ಟ್ ಮಾಡಿದ ಫೈಲಿನಿಂದ ಶಾಖೆವಾರು ಒಟ್ಟು ಬೇಕು ಅಂತಿಟ್ಟುಕೊಳ್ಳಿ. ಒಂದು ಶಾಖೆ ಮುಗಿಯಿತು ಅಂತ ನಮಗೆ ಗೊತ್ತಾಗುವುದು ಯಾವಾಗ? ಮುಂದಿನ ಶಾಖೆಯ ಮೊದಲ ರೆಕಾರ್ಡ್ ಕೈಗೆ ಬಂದಾಗ. ಇಲ್ಲವೇ ಫೈಲೇ ಮುಗಿದಾಗ. ಅಂದರೆ ಮುಂದೆ ನೋಡದೆ ಈ ಲೆಕ್ಕ ಆಗುವುದೇ ಇಲ್ಲ.

ಪರ್ಫಾರ್ಮ್ ಫೈಲ್-ಓದು
ಪರ್ಫಾರ್ಮ್ ಅಂಟಿಲ್ ಫೈಲ್-ಮುಗಿದಿದೆ
    ಮೂವ್ ಶಾಖೆ ಟು ಈಗಿನ-ಶಾಖೆ
    ಮೂವ್ ಜೀರೋ ಟು ಶಾಖೆ-ಒಟ್ಟು
    ಪರ್ಫಾರ್ಮ್ ಅಂಟಿಲ್ ಫೈಲ್-ಮುಗಿದಿದೆ
            ಆರ್ ಶಾಖೆ ನಾಟ್ ಈಕ್ವಲ್ ಟು ಈಗಿನ-ಶಾಖೆ
        ಆಡ್ ಮೊತ್ತ ಟು ಶಾಖೆ-ಒಟ್ಟು
        ಪರ್ಫಾರ್ಮ್ ಫೈಲ್-ಓದು
    ಎಂಡ್-ಪರ್ಫಾರ್ಮ್
    ಪರ್ಫಾರ್ಮ್ ಶಾಖೆ-ಒಟ್ಟು-ಬರೆ
ಎಂಡ್-ಪರ್ಫಾರ್ಮ್

ಹೊರಗಿನ ಲೂಪಿನ ಒಂದು ಸುತ್ತು ಅಂದರೆ ಒಂದು ಶಾಖೆ. ಒಳಗಿನ ಲೂಪಿನ ಒಂದು ಸುತ್ತು ಅಂದರೆ ಒಂದು ರೆಕಾರ್ಡ್. ಮೊದಲ ರೆಕಾರ್ಡಿಗೆ ವಿಶೇಷ ಫ್ಲ್ಯಾಗ್ ಬೇಡ. ಕೊನೆಯ ಶಾಖೆಯ ಒಟ್ಟು ಬರೆಯಲು ಲೂಪಿನ ಹೊರಗೆ ಇನ್ನೊಂದು ಸಾಲು ಬೇಡ. ಬ್ಯಾಂಕ್‌ವಾರು ಒಟ್ಟೂ ಬೇಕು ಅಂದರೆ ಇನ್ನೊಂದು ಲೂಪು ಹೊರಗೆ ಸುತ್ತಿ, ಒಳಗಿನ ಷರತ್ತಿಗೆ ಬ್ಯಾಂಕಿನ ಹೋಲಿಕೆಯನ್ನೂ ಸೇರಿಸಿದರಾಯಿತು. ಫೈಲಿನ ಆಕಾರ ಹೇಗಿದೆಯೋ ಕೋಡಿನ ಆಕಾರವೂ ಹಾಗೇ ಇದೆ. ಹೊಸಬರು ಓದಿದರೂ ಅರ್ಥ ಆಗುತ್ತದೆ.

ಹೆಡರ್ (ಫೈಲಿನ ವಿವರ ಹೇಳುವ ಮೊದಲ ರೆಕಾರ್ಡ್), ಟ್ರೇಲರ್ (ಕೊನೆಯ ರೆಕಾರ್ಡ್) ಇರುವ ಫೈಲುಗಳಿಗೂ ಇದೇ ರೂಪ ಒಗ್ಗುತ್ತದೆ. ಮೊದಲ ರೀಡ್‌ನಲ್ಲಿ ಹೆಡರ್ ಬರುತ್ತದೆ, ತಾರೀಖು ಸರಿ ಇದೆಯಾ ನೋಡಿ, ಇನ್ನೊಂದು ರೀಡ್ ಮಾಡಿ, ಟ್ರೇಲರ್ ಬರುವ ತನಕ ಲೂಪ್ ಓಡಿಸಿ. ಟ್ರೇಲರ್ ಬರುವ ಮೊದಲೇ ಅಟ್ ಎಂಡ್ ಬಂದರೆ ಫೈಲ್ ಅರ್ಧಕ್ಕೇ ತುಂಡಾಗಿ ಬಂದಿದೆ ಅಂತ ಅರ್ಥ. ಆಗ ಅಲ್ಲೇ ನಿಲ್ಲಿಸಬೇಕು, ಸುಮ್ನೆ ಮುಂದೆ ಹೋಗಬಾರದು.

ಈ ದಾರಿಗೂ ತನ್ನ ಕಷ್ಟ ಇದೆ. ಎರಡನೇ ಓದನ್ನು ಬರೆಯಲು ಮರೆತರೆ ಅದೇ ರೆಕಾರ್ಡ್ ಮತ್ತೆ ಮತ್ತೆ ತಿರುಗುತ್ತದೆ, ಲೂಪ್ ನಿಲ್ಲುವುದೇ ಇಲ್ಲ. ಪೂರ್ತಿ ಮರೆಯುವವರು ಕಡಿಮೆ. ಜಾಸ್ತಿ ಆಗುವುದು ಇನ್ನೊಂದು: ಎರಡನೇ ಓದನ್ನು ಜಮಾ-ಲೆಕ್ಕದ ಪ್ಯಾರಾದ ಒಳಗೆ ಹುದುಗಿಸುತ್ತಾರೆ. ಆರು ತಿಂಗಳ ನಂತರ ಬೇರೆ ಯಾರೋ "ರದ್ದಾದ ವಹಿವಾಟು ಇದ್ದರೆ ಬಿಟ್ಟುಬಿಡು" ಅಂತ ಮೇಲೆ ಒಂದು ಇಫ್ ಸೇರಿಸುತ್ತಾರೆ. ಆ ಇಫ್ ದಾರಿಯಲ್ಲಿ ಓದೇ ಆಗುವುದಿಲ್ಲ. ಟೆಸ್ಟ್ ಫೈಲಿನಲ್ಲಿ ರದ್ದಾದ ವಹಿವಾಟು ಇಲ್ಲದಿದ್ದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಪ್ರೊಡಕ್ಷನ್‌ಗೆ ಹೋದ ಮೇಲೆ ಮೊದಲ ರದ್ದತಿ ಬಂದ ರಾತ್ರಿ ಜಾಬ್ ಮುಗಿಯುವುದಿಲ್ಲ. ಅದಕ್ಕೇ ಎರಡನೇ ಓದು ಲೂಪಿನಲ್ಲೇ, ಎಲ್ಲರಿಗೂ ಕಾಣುವ ಕೊನೆಯ ಸಾಲಾಗಿರಲಿ. ಲೆಕ್ಕದ ಪ್ಯಾರಾ ಯಾವ ದಾರಿಯಲ್ಲಿ ಹೊರಬಂದರೂ ಓದು ತಪ್ಪುವುದಿಲ್ಲ.

ಮೂರನೇ ದಾರಿ: ಒಳಗೇ ರೀಡ್, ನಾಟ್ ಅಟ್ ಎಂಡ್ ಜೊತೆ

1985ರ ಕೋಬಾಲ್ ಮಾನದಂಡದಲ್ಲಿ ಎಂಡ್-ರೀಡ್, ಎಂಡ್-ಪರ್ಫಾರ್ಮ್, ಲೂಪಿನ ಒಳಗೇ ಆದೇಶ ಬರೆಯುವ ಪರ್ಫಾರ್ಮ್, ನಾಟ್ ಅಟ್ ಎಂಡ್ ಎಲ್ಲ ಬಂದವು. ಆಮೇಲೆ ಈ ರೂಪ ಸಾಧ್ಯವಾಯಿತು:

ಪರ್ಫಾರ್ಮ್ ಅಂಟಿಲ್ ಫೈಲ್-ಮುಗಿದಿದೆ
    ರೀಡ್ ಜಮಾ-ಫೈಲ್
        ಅಟ್ ಎಂಡ್ ಸೆಟ್ ಫೈಲ್-ಮುಗಿದಿದೆ ಟು ಟ್ರೂ
        ನಾಟ್ ಅಟ್ ಎಂಡ್ ಪರ್ಫಾರ್ಮ್ ಜಮಾ-ಲೆಕ್ಕ
    ಎಂಡ್-ರೀಡ್
ಎಂಡ್-ಪರ್ಫಾರ್ಮ್

ಚಿಕ್ಕದಾಗಿದೆ, ಚೊಕ್ಕವಾಗಿದೆ. ರೀಡ್ ಒಂದೇ ಸಲ. ಲೆಕ್ಕದ ಪ್ಯಾರಾಕ್ಕೆ ಫೈಲಿನ ಗೊಡವೆಯೇ ಇಲ್ಲ. ಬಿಟ್ಟುಬಿಡುವ ರೆಕಾರ್ಡ್ ಇದ್ದರೂ ತೊಂದರೆ ಇಲ್ಲ, ಮುಂದಿನ ಸುತ್ತಿನಲ್ಲಿ ಓದು ತಾನಾಗಿ ಆಗುತ್ತದೆ. ಒಂದು ಫೈಲ್ ಓದಿ, ಪ್ರತಿ ರೆಕಾರ್ಡನ್ನೂ ಬದಲಿಸಿ, ಇನ್ನೊಂದು ಫೈಲಿಗೆ ಬರೆಯುವ ಕೆಲಸಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಇಷ್ಟೇ ಕೆಲಸ ಇದ್ದರೆ ನಾನು ಇದನ್ನೇ ಬರೆಯುತ್ತೇನೆ.

ಆದರೆ ಶಾಖೆವಾರು ಒಟ್ಟು ಬೇಕು ಅಂದ ಕ್ಷಣ ಇದರ ಚಂದ ಕೆಡುತ್ತದೆ. ಈಗ ಜಮಾ-ಲೆಕ್ಕದ ಒಳಗೆ "ಹಿಂದಿನ ಶಾಖೆಯೂ ಇದೂ ಒಂದೇನಾ" ಅಂತ ಕೇಳಬೇಕು. ಮೊದಲ ರೆಕಾರ್ಡಿಗೆ ಹಿಂದಿನ ಶಾಖೆಯೇ ಇಲ್ಲ, ಅದಕ್ಕೊಂದು ಫ್ಲ್ಯಾಗ್. ಫೈಲ್ ಮುಗಿದಾಗ ಕೊನೆಯ ಶಾಖೆಯ ಒಟ್ಟು ಇನ್ನೂ ಬರೆದಿರುವುದಿಲ್ಲ, ಅದಕ್ಕೆ ಲೂಪಿನ ಹೊರಗೆ ಇನ್ನೊಂದು ಕರೆ. ಖಾಲಿ ಫೈಲಿನಲ್ಲಿ ಆ ಕರೆ ಆಗಬಾರದು, ಅದಕ್ಕೆ ಮತ್ತೊಂದು ಇಫ್. ರಿಪೋರ್ಟಿನಲ್ಲಿ ಕೊನೆಯ ಶಾಖೆ ಕಾಣೆಯಾದರೆ ಮೊದಲು ನೋಡಬೇಕಾದ ಜಾಗ ಇದು.

ನಾಟ್ ಅಟ್ ಎಂಡ್ ಒಳಗೆ ಪೂರ್ತಿ ಲೆಕ್ಕವನ್ನೇ ತುಂಬುವವರೂ ಇದ್ದಾರೆ. ಎರಡು ಪರದೆ ಉದ್ದ ಇಫ್ ಒಳಗೆ ಇಫ್ ಬೆಳೆದ ಮೇಲೆ ಎಂಡ್-ರೀಡ್ ಯಾವ ರೀಡಿನದು ಅಂತ ಹುಡುಕಬೇಕು. ಅಲ್ಲಿ ಒಂದೇ ಪರ್ಫಾರ್ಮ್ ಸಾಲು ಇಡಿ, ಸಾಕು.

ನಾಲ್ಕನೇ ದಾರಿ: ನಡುವಿನಿಂದ ಹೊರಗೆ

2002ರ ಮಾನದಂಡದಿಂದ ಎಕ್ಸಿಟ್ ಪರ್ಫಾರ್ಮ್ ಇದೆ. ಬೇರೆ ಭಾಷೆಗಳ ಬ್ರೇಕ್ ಇದ್ದ ಹಾಗೆ. ಜೊತೆಗೆ ಎಕ್ಸಿಟ್ ಪರ್ಫಾರ್ಮ್ ಸೈಕಲ್, ಅಂದರೆ ಈ ಸುತ್ತು ಸಾಕು, ಮುಂದಿನದಕ್ಕೆ ಹೋಗು. ರೀಡ್ ಮಾಡಿ, ಅಟ್ ಎಂಡ್ ಬಂದರೆ ಎಕ್ಸಿಟ್ ಪರ್ಫಾರ್ಮ್, ಇಲ್ಲದಿದ್ದರೆ ಕೆಳಗೆ ನೇರವಾಗಿ ಲೆಕ್ಕ. ಗೋ ಟು ರೂಪದ ಸರಳತೆ ಇದೆ, ಎಲ್ಲೆಂದರಲ್ಲಿ ಜಿಗಿಯುವ ಅಪಾಯ ಇಲ್ಲ. ಜಾವಾದಿಂದ ಬಂದವರಿಗೆ ಇದೇ ಸಹಜ ಅನಿಸುತ್ತದೆ. ಎರಡು ವಿಷಯ ನೋಡಿಕೊಳ್ಳಿ. ನಿಮ್ಮ ಕಂಪೈಲರ್ ಆವೃತ್ತಿ ಇದನ್ನು ಒಪ್ಪುತ್ತದಾ, ತಂಡದ ಕೋಡಿಂಗ್ ನಿಯಮ ಒಪ್ಪುತ್ತದಾ? ಮತ್ತೆ, ಇದು ಕೆಲಸ ಮಾಡುವುದು ಲೂಪಿನ ಒಳಗೇ ಬರೆದ ಕೋಡಿನಲ್ಲಿ. ರೀಡನ್ನು ಬೇರೆ ಪ್ಯಾರಾಕ್ಕೆ ಸಾಗಿಸಿದರೆ ಅಲ್ಲಿಂದ ಈ ಲೂಪನ್ನು ಮುರಿಯಲು ಆಗುವುದಿಲ್ಲ. ಗುಂಪಿನ ಒಟ್ಟು ಬೇಕಾದರೆ ಮೂರನೇ ದಾರಿಯ ಕಷ್ಟಗಳೇ ಇಲ್ಲಿಯೂ.

ಎರಡು ಫೈಲ್ ಒಟ್ಟಿಗೆ ಓದುವಾಗ

ಇಲ್ಲಿ ಆಯ್ಕೆಯ ಮಾತೇ ಇಲ್ಲ, ಮೊದಲೇ ಓದುವ ದಾರಿಯೇ ಬೇಕು. ಒಂದು ಕಡೆ ಖಾತೆಗಳ ಮಾಸ್ಟರ್ ಫೈಲ್, ಇನ್ನೊಂದು ಕಡೆ ದಿನದ ವಹಿವಾಟು. ಎರಡೂ ಖಾತೆ ಸಂಖ್ಯೆಯ ಪ್ರಕಾರ ಸಾರ್ಟ್ ಆಗಿವೆ. ಎರಡರಿಂದಲೂ ಒಂದೊಂದು ರೆಕಾರ್ಡ್ ಕೈಯಲ್ಲಿ ಇಟ್ಟುಕೊಂಡು ಅವುಗಳ ಕೀ, ಅಂದರೆ ಖಾತೆ ಸಂಖ್ಯೆ, ಹೋಲಿಸುತ್ತೇವೆ. ಮಾಸ್ಟರ್ ಕೀ ಚಿಕ್ಕದಿದ್ದರೆ ಆ ಖಾತೆಗೆ ಇನ್ನು ವಹಿವಾಟು ಇಲ್ಲ, ಬರೆದು ಮುಂದಿನ ಮಾಸ್ಟರ್ ಓದು. ಸಮ ಇದ್ದರೆ ವಹಿವಾಟು ಹಾಕಿ ಮುಂದಿನ ವಹಿವಾಟು ಓದು. ವಹಿವಾಟಿನ ಕೀ ಚಿಕ್ಕದಿದ್ದರೆ ಆ ಖಾತೆಯೇ ಇಲ್ಲ, ತಪ್ಪಿನ ಪಟ್ಟಿಗೆ ಹಾಕಿ ಮುಂದಿನ ವಹಿವಾಟು ಓದು.

ಒಂದು ಫೈಲ್ ಮೊದಲು ಮುಗಿದರೆ? ಅದಕ್ಕೆ ಹಳಬರು ಕಂಡುಕೊಂಡ ಉಪಾಯ ಬಹಳ ಚೆನ್ನಾಗಿದೆ. ಅಟ್ ಎಂಡ್ ಬಂದಾಗ ಆ ಫೈಲಿನ ಕೀಗೆ ಹೈ-ವ್ಯಾಲ್ಯೂಸ್ ತುಂಬಿ. ಅದಕ್ಕಿಂತ ದೊಡ್ಡ ಕೀ ಇಲ್ಲ. ಹಾಗಾಗಿ ಉಳಿದ ಫೈಲಿನ ರೆಕಾರ್ಡ್‌ಗಳೆಲ್ಲ ತಾವಾಗಿಯೇ "ಚಿಕ್ಕದು" ಅನಿಸಿಕೊಂಡು ತಮ್ಮ ದಾರಿಯಲ್ಲಿ ಸಾಗುತ್ತವೆ. ಎರಡೂ ಕೀ ಹೈ-ವ್ಯಾಲ್ಯೂಸ್ ಆದಾಗ ಲೂಪ್ ಮುಗಿಯಿತು. ಎರಡು ಫ್ಲ್ಯಾಗ್, ನಾಲ್ಕು ಇಫ್ ಬರೆಯುವ ತಾಪತ್ರಯ ತಪ್ಪಿತು. ಒಂದೇ ಎಚ್ಚರ: ಕೀಯನ್ನು ಅಕ್ಷರದ ಫೀಲ್ಡ್ ಆಗಿ, ಪ್ರೋಗ್ರಾಂ ತನಗಾಗಿ ಇಟ್ಟುಕೊಳ್ಳುವ ಜಾಗವಾದ ವರ್ಕಿಂಗ್-ಸ್ಟೋರೇಜ್‌ನಲ್ಲಿ ಬೇರೆಯಾಗಿ ಇಟ್ಟುಕೊಳ್ಳಿ. ಅಂಕಿಯ ಫೀಲ್ಡಿಗೆ ಹೈ-ವ್ಯಾಲ್ಯೂಸ್ ತುಂಬುವುದು ಸರಿಯಲ್ಲ.

ಫೈಲ್ ಸ್ಟೇಟಸ್ ನೋಡದಿದ್ದರೆ

ಪ್ರತಿ ರೀಡ್ ಹೇಗಾಯಿತು ಅಂತ ಹೇಳುವ ಎರಡಂಕಿಯ ಕೋಡೇ ಫೈಲ್ ಸ್ಟೇಟಸ್. ಅಟ್ ಎಂಡ್ ಬರುವುದು ಫೈಲ್ ಮುಗಿದಾಗ ಮಾತ್ರ, ಸ್ಟೇಟಸ್ 10. ಆದರೆ ಓದು ಬೇರೆ ಕಾರಣಕ್ಕೂ ಸೋಲಬಹುದು. ಫೈಲ್ ತೆರೆದೇ ಇಲ್ಲದಿದ್ದರೆ 47. ಫೈಲ್ ಮುಗಿದ ಮೇಲೂ ಓದಲು ಹೋದರೆ 46. ಡಿಸ್ಕಿನ ತೊಂದರೆಗೆ 30. ಇವು ಬಂದಾಗ ಅಟ್ ಎಂಡ್ ನಡೆಯುವುದಿಲ್ಲ, ನಾಟ್ ಅಟ್ ಎಂಡ್ ಕೂಡ ನಡೆಯುವುದಿಲ್ಲ. ಪ್ರೋಗ್ರಾಂನಲ್ಲಿ ಫೈಲ್ ಸ್ಟೇಟಸ್ ಫೀಲ್ಡ್ ಕೊಟ್ಟಿದ್ದರೆ ಸಿಸ್ಟಮ್ "ನೀನೇ ನೋಡಿಕೋ" ಅಂತ ಮುಂದೆ ಬಿಡುತ್ತದೆ. ನಾವು ನೋಡದಿದ್ದರೆ ಫ್ಲ್ಯಾಗ್ ಎಂದೂ ಏರುವುದಿಲ್ಲ. ಮೂರನೇ ದಾರಿಯ ಲೂಪ್ ಏನೂ ಮಾಡದೆ ತಿರುಗುತ್ತಲೇ ಇರುತ್ತದೆ. ಎರಡನೇ ದಾರಿಯದು ಇನ್ನೂ ಕೆಟ್ಟದು, ಲೆಕ್ಕವನ್ನೂ ಮಾಡುತ್ತಾ ತಿರುಗುತ್ತದೆ.

ಹಾಗಾಗಿ ಫೈಲ್-ಓದು ಪ್ಯಾರಾ ಹೀಗಿರಲಿ:

ಫೈಲ್-ಓದು.
    ರೀಡ್ ಜಮಾ-ಫೈಲ್
    ಎಂಡ್-ರೀಡ್
    ಇವ್ಯಾಲ್ಯುಯೇಟ್ ಜಮಾ-ಸ್ಟೇಟಸ್
        ವೆನ್ '00' ಆಡ್ 1 ಟು ಓದಿದ-ಎಣಿಕೆ
        ವೆನ್ '10' ಸೆಟ್ ಫೈಲ್-ಮುಗಿದಿದೆ ಟು ಟ್ರೂ
        ವೆನ್ ಅದರ್ ಪರ್ಫಾರ್ಮ್ ತಪ್ಪು-ತೋರಿಸಿ-ನಿಲ್ಲಿಸು
    ಎಂಡ್-ಇವ್ಯಾಲ್ಯುಯೇಟ್.

04 ಬಂದರೆ ರೆಕಾರ್ಡ್ ಓದಿದೆ, ಆದರೆ ಉದ್ದ ಹೊಂದುತ್ತಿಲ್ಲ. ಅದನ್ನು ಒಪ್ಪಬೇಕೋ ನಿಲ್ಲಿಸಬೇಕೋ ಎಂಬುದು ಫೈಲ್ ಕಳಿಸುವವರ ಜೊತೆ ಕೂತು ತೀರ್ಮಾನಿಸಬೇಕಾದ ವಿಷಯ. ನಾನಾದರೆ ನಿಲ್ಲಿಸುತ್ತೇನೆ. ಎಣಿಕೆಯೂ ಇಲ್ಲೇ ಇರುವುದರಿಂದ ಟ್ರೇಲರ್‌ನಲ್ಲಿ ಬಂದ ಸಂಖ್ಯೆಯ ಜೊತೆ ತಾಳೆ ನೋಡುವುದು ಸುಲಭ. ಹೆಡರ್, ಟ್ರೇಲರ್ ಕೂಡ ಇದರಲ್ಲಿ ಎಣಿಕೆ ಆಗಿರುತ್ತವೆ, ಅವನ್ನು ಕಳೆದು ಹೋಲಿಸಿ. ಓದಿಗೆ ಒಂದೇ ಪ್ಯಾರಾ ಇರಬೇಕು ಅನ್ನುವುದರ ದೊಡ್ಡ ಲಾಭ ಇದೇ. ಗಟ್ಟಿ ಮಾಡುವುದನ್ನು ಒಂದು ಕಡೆ ಮಾಡಿದರೆ ಸಾಕು.

ಫ್ಲ್ಯಾಗಿಗೆ 88 ಲೆವೆಲ್ ಹೆಸರು, ಅಂದರೆ ಅದರ ಒಂದು ಬೆಲೆಗೆ ಇಡುವ ಓದಬಲ್ಲ ಹೆಸರು, ಕೊಡಿ. "ಸ್ವಿಚ್-1 ಈಕ್ವಲ್ ವೈ" ಅಂತ ಓದುವುದಕ್ಕೂ "ಫೈಲ್-ಮುಗಿದಿದೆ" ಅಂತ ಓದುವುದಕ್ಕೂ ರಾತ್ರಿ ಎರಡು ಗಂಟೆಗೆ ಸಪೋರ್ಟ್ ಕರೆ ಬಂದಾಗ ಎಷ್ಟು ವ್ಯತ್ಯಾಸ ಅಂತ ಆ ಕುರ್ಚಿಯಲ್ಲಿ ಕೂತವರಿಗೆ ಗೊತ್ತು. ಮತ್ತೆ, ಫ್ಲ್ಯಾಗಿನ ಆರಂಭದ ಬೆಲೆಯನ್ನು ಬರೀ ವ್ಯಾಲ್ಯೂ ಕ್ಲಾಜ್‌ಗೆ ಬಿಡಬೇಡಿ. ಬೇರೆ ಪ್ರೋಗ್ರಾಂ ಕರೆಯುವ ಸಬ್‌ಪ್ರೋಗ್ರಾಂ ಆಗಿದ್ದರೆ ವರ್ಕಿಂಗ್-ಸ್ಟೋರೇಜ್ ಮೊದಲ ಕರೆಯಿಂದ ಎರಡನೇ ಕರೆಗೆ ಸಾಮಾನ್ಯವಾಗಿ ಹಾಗೇ ಉಳಿಯುತ್ತದೆ. ಎರಡನೇ ಸಲ ಕರೆದಾಗ ಫ್ಲ್ಯಾಗ್ ಆಗಲೇ ಏರಿರುತ್ತದೆ, ಲೂಪ್ ಒಂದು ಸುತ್ತೂ ಓಡುವುದಿಲ್ಲ, ಯಾವ ತಪ್ಪೂ ತೋರಿಸುವುದಿಲ್ಲ. ಫೈಲ್ ತೆರೆಯುವ ಪ್ಯಾರಾದಲ್ಲೇ ಫ್ಲ್ಯಾಗ್ ಇಳಿಸಿ.

ಜಾವಾ, ಪೈಥಾನ್‌ಗೆ ಹೋಗುವವರಿಗೆ

ಈಗ ಎಷ್ಟೋ ಪ್ರಾಜೆಕ್ಟುಗಳಲ್ಲಿ ಕೋಬಾಲ್ ಕೋಡನ್ನು ಜಾವಾಗೆ ಸಾಗಿಸುವ ಕೆಲಸ ನಡೆಯುತ್ತಿದೆ. ಜಾವಾದಲ್ಲಿ ರೀಡ್‌ಲೈನ್‌ಗೆ ಸಾಲು ಸಿಗದಿದ್ದರೆ ನಲ್ ಬರುತ್ತದೆ. ಓದುವುದು, ನಲ್ ಹೌದಾ ನೋಡುವುದು ಎರಡನ್ನೂ ವೈಲ್ ಷರತ್ತಿನಲ್ಲೇ ಬರೆಯುವುದು ಅಲ್ಲಿನ ರೂಢಿ. ಪೈಥಾನ್‌ನಲ್ಲಿ ಫೈಲಿನ ಮೇಲೆ ನೇರ ಫಾರ್ ಲೂಪ್ ಓಡಿಸಬಹುದು, ಕೊನೆಯ ಚಿಂತೆ ಭಾಷೆಯದು. ಗುಂಪಿನ ಒಟ್ಟಿಗೆ ಇಟರ್‌ಟೂಲ್ಸ್‌ನ ಗ್ರೂಪ್‌ಬೈ ಇದೆ, ಅದಕ್ಕೂ ಫೈಲ್ ಮೊದಲೇ ಸಾರ್ಟ್ ಆಗಿರಬೇಕು. ಆದರೆ ಎರಡು ಫೈಲ್ ಹೋಲಿಸುವ ಪ್ರೋಗ್ರಾಂ ಸಾಗಿಸುವಾಗ ಫಾರ್ ಲೂಪಿನ ಆಸೆಗೆ ಬೀಳಬೇಡಿ. ಹಳೆಯ ಕೋಡಿನ ಮೊದಲೇ ಓದುವ ಆಕಾರವನ್ನೇ ಉಳಿಸಿಕೊಳ್ಳಿ. ಎರಡೂ ಕೋಡನ್ನು ಪಕ್ಕಪಕ್ಕ ಇಟ್ಟು ತಾಳೆ ನೋಡಲು ಆಗ ಮಾತ್ರ ಆಗುತ್ತದೆ.

ಹಾಗಾದರೆ ಯಾವುದು?

ಒಂದು ಫೈಲ್, ರೆಕಾರ್ಡಿಗೆ ರೆಕಾರ್ಡ್ ಸಂಬಂಧ ಇಲ್ಲ, ಮುಂದೆಯೂ ಬರುವ ಲಕ್ಷಣ ಇಲ್ಲ: ನಾಟ್ ಅಟ್ ಎಂಡ್. ಗುಂಪಿನ ಒಟ್ಟು, ಹೆಡರ್-ಟ್ರೇಲರ್, ಎರಡು ಫೈಲ್, ಇವುಗಳಲ್ಲಿ ಯಾವುದೇ ಒಂದಿದ್ದರೂ ಮೊದಲೇ ಒಂದು ರೀಡ್. ಗೊತ್ತಾಗುತ್ತಿಲ್ಲ ಅಂದರೂ ಮೊದಲೇ ಒಂದು ರೀಡ್ ಅಂತಲೇ ನಾನು ಹೇಳುತ್ತೇನೆ. ವ್ಯವಹಾರದ ಪ್ರೋಗ್ರಾಂ ಚಿಕ್ಕದಾಗಿಯೇ ಉಳಿಯುವುದು ಅಪರೂಪ. "ಇಷ್ಟಕ್ಕೇ ಒಂದು ಶಾಖೆವಾರು ಒಟ್ಟು ಸೇರಿಸಿಕೊಡಿ" ಅಂತ ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತಾರೆ. ತಂಡದಲ್ಲಿ ಆಗಲೇ ಒಂದು ರೂಪ ನಡೆಯುತ್ತಿದ್ದರೆ ಮಾತ್ರ ಅದನ್ನೇ ಅನುಸರಿಸಿ. ನೂರು ಪ್ರೋಗ್ರಾಂಗಳ ನಡುವೆ ನಿಮ್ಮದೊಂದೇ ಬೇರೆ ಥರ ಇದ್ದರೆ ಓದುವವರಿಗೆ ಅದೇ ಭಾರ.

ಯಾವುದನ್ನು ಬರೆದರೂ ನಾಲ್ಕು ಫೈಲ್ ಹಾಕಿ ನೋಡದೆ ಮುಂದೆ ಕಳಿಸಬೇಡಿ. ಖಾಲಿ ಫೈಲ್. ಒಂದೇ ರೆಕಾರ್ಡಿನ ಫೈಲ್. ಕೊನೆಯ ಶಾಖೆಯಲ್ಲಿ ಒಂದೇ ರೆಕಾರ್ಡ್ ಇರುವ ಫೈಲ್. ಬಿಟ್ಟುಬಿಡಬೇಕಾದ ರೆಕಾರ್ಡ್ ಮೊದಲಿಗೂ ಕೊನೆಗೂ ಇರುವ ಫೈಲ್. ಹಳೆಯ ಲೂಪನ್ನು ಬದಲಿಸಿದ್ದರೆ ಹಳೆಯದನ್ನೂ ಹೊಸದನ್ನೂ ಇವೇ ಫೈಲುಗಳ ಮೇಲೆ ಓಡಿಸಿ ಔಟ್‌ಪುಟ್ ಹೋಲಿಸಿ. ಖಾಲಿ ಫೈಲನ್ನು ಎಲ್ಲಿಂದ ತರಲಿ ಅಂತ ಯೋಚಿಸಬೇಕಿಲ್ಲ. ಮೇನ್‌ಫ್ರೇಮ್‌ನಲ್ಲಿ ಜಾಬ್ ಓಡಿಸಲು ಬರೆಯುವ ಜೆಸಿಎಲ್‌ನಲ್ಲಿ ಆ ಫೈಲನ್ನು ಹೆಸರಿಸುವ ಡಿಡಿ ಸಾಲಿಗೆ ಡಮ್ಮಿ ಅಂತ ಬರೆದರೆ ಮೊದಲ ರೀಡ್‌ಗೇ ಫೈಲ್ ಮುಗಿದಿದೆ ಅಂತ ಬರುತ್ತದೆ.